ಹದಿನೈದು ಎಣಿಸುವಷ್ಟರಲ್ಲಿ

"ಈ ಮಾನಿಟರ್‌ಗೆ ಹೇಳಿ ಮಾಡಿಸಿದ ರೆಸಲ್ಯೂಷನ್ ಅಂದ್ರೆ ಇದೇ, ಮೇಡಂ. ಇಳಿಸಿದ್ರೆ ಅಕ್ಷರ ದೊಡ್ಡದಾಗುತ್ತೆ ನಿಜ, ಆದ್ರೆ ಸ್ವಲ್ಪ ಮಸುಕಾಗುತ್ತೆ," ಎನ್ನುತ್ತಾ ರಿಪೇರಿಯವನು ಹೊಸ ಪರದೆಯ ಮೇಲಿನ ಪ್ಲಾಸ್ಟಿಕ್ ಹಾಳೆ ಕಿತ್ತ. ಹಳೆಯದನ್ನು ಎತ್ತಿಕೊಂಡು ವ್ಯಾನಿನತ್ತ ನಡೆದ.

ತಂಗಿ ಕಣ್ಣು ಕಿರಿದು ಮಾಡಿ ನೋಡಿದಳು. ಪುಟವೇನೋ ನಾಲ್ಕೂ ಅಂಚು ಸಮೇತ ಚೆನ್ನಾಗಿ ಕಾಣುತ್ತಿತ್ತು. ಅಕ್ಷರಗಳು ಮಾತ್ರ ಇರುವೆ ಸಾಲು. ಐವತ್ತು ದಾಟಿದ ಕಣ್ಣಿಗೆ ಇನ್ನೇನು ಕಂಡೀತು? ಆದರೆ ಬೆನ್ನ ಹಿಂದೆ, ಕಾಗದ ಕತ್ತರಿಸುವ ಮೆಷಿನ್ ಪಕ್ಕದ ಸ್ಟೂಲಿನ ಮೇಲೆ, ಹೊಸ ಮಾನಿಟರ್ ನೋಡಲೆಂದೇ ಬಂದ ಅಕ್ಕ ಕೂತಿದ್ದಳು. ಅವಳೆದುರು ಅಕ್ಷರ ದೊಡ್ಡದು ಮಾಡಿಕೊಳ್ಳಲು ಯಾವ ಮುಖ ಇದೆ?

ಈ ಮುದ್ರಣದಂಗಡಿ ಶುರುವಾದಾಗ ಇಬ್ಬರಿಗೂ ಸೇರಿ ಇದ್ದದ್ದು ಒಂದೇ ಮಾನಿಟರ್, ಟ್ರಂಕಿನಷ್ಟು ದಪ್ಪದ್ದು. ತಂಗಿ ಪುಟ ಕಟ್ಟುವವಳು, ಅಕ್ಕ ಕರಡು ತಿದ್ದುವವಳು. ಅಕ್ಕನ ಕಣ್ಣು ತಪ್ಪಿಸಿ ಒಂದು ಕೊಂಬು, ಒಂದು ದೀರ್ಘ ಕೂಡ ಅಂಗಡಿಯ ಹೊಸಿಲು ದಾಟುತ್ತಿರಲಿಲ್ಲ. ಹಸಿ ಮಸಿಯ ವಾಸನೆ, ಒಂದೇ ಡಬ್ಬಿಯ ಊಟ, ಸುಮ್ಮಸುಮ್ಮನೆ ಜಗಳ, ಅರ್ಧ ಗಂಟೆಯಲ್ಲಿ ರಾಜಿ. ಎಷ್ಟು ಚೆನ್ನಾಗಿದ್ದವು ಆ ದಿನಗಳು!

ತಂಗಿಗೆ ಪುಟ ಪೂರ್ತಿ ಕಾಣಬೇಕು, ಅಕ್ಕನಿಗೆ ಅಕ್ಷರ ದೊಡ್ಡದಿರಬೇಕು. ತಂಗಿ ಊಟಕ್ಕೆ ಎದ್ದ ಕೂಡಲೇ ಅಕ್ಕ ಬಂದು ಕೂತು ರೆಸಲ್ಯೂಷನ್ ಇಳಿಸುತ್ತಿದ್ದಳು. ಅಕ್ಷರಗಳು ಉಬ್ಬಿ ನಿಲ್ಲುತ್ತಿದ್ದವು. ನಡುವೆ ಪುಟ್ಟದೊಂದು ಚೌಕ ಮೂಡಿ, ಈ ಬದಲಾವಣೆ ಉಳಿಸಿಕೊಳ್ಳಲೇ ಎಂದು ಕೇಳಿ, ಹದಿನೈದರಿಂದ ಕೆಳಕ್ಕೆ ಎಣಿಸುತ್ತಿತ್ತು. ಅಕ್ಕ 'ಹೌದು' ಒತ್ತುತ್ತಿರಲಿಲ್ಲ. ಎಣಿಕೆ ಮುಗಿದದ್ದೇ ತಡ, ಮತ್ತೆ ಇರುವೆ ಸಾಲು.

"ಇದೇನೇ, ಒಂದು ಗಳಿಗೆ ನಿಲ್ಲಲ್ವಲ್ಲ?" ಎಂದು ಅಕ್ಕ ಶುರುವಿನಲ್ಲೊಮ್ಮೆ ಕೇಳಿದ್ದಳು.

"ಈ ಮೆಷಿನ್‌ಗೆ ಅದು ಹಿಡಿಸಲ್ಲ ಅಕ್ಕಾ," ಎಂದಿದ್ದಳು ತಂಗಿ, ಬಾಯಲ್ಲಿ ತುತ್ತಿಟ್ಟುಕೊಂಡೇ. ಒಂದು ಗುಂಡಿ ತೋರಿಸಿದ್ದರೆ ಮುಗಿಯುತ್ತಿತ್ತು. ದಿನಾ ತಾನೇ ವಾಪಸ್ ಏರಿಸಬೇಕಾದೀತೆಂಬ ಸೋಮಾರಿತನ, ಅಷ್ಟೇ. ಆ ಸುಳ್ಳು ಹನ್ನೊಂದು ವರ್ಷ ಬಾಳಿತು. ಅಷ್ಟರಲ್ಲಿ ಅಕ್ಕನ ಕನ್ನಡಕ ಸೋಡಾ ಬಾಟಲಿಯ ತಳದಷ್ಟು ದಪ್ಪವಾಗಿ, ಅವಳು ಕರಡು ತಿದ್ದುವುದನ್ನೇ ಬಿಟ್ಟಳು.

ಮಸುಕಾದರೆ ಆಗಲಿ. ರಿಪೇರಿಯವನು ಇನ್ನೂ ಹೊರಗಿದ್ದಾಗಲೇ ತಂಗಿ ಕಳ್ಳಿಯ ಹಾಗೆ ರೆಸಲ್ಯೂಷನ್ ಇಳಿಸಿದಳು. ಅಕ್ಷರಗಳು ಉಬ್ಬಿ ನಿಂತವು. ಚೌಕ ಮೂಡಿತು. ಹದಿನೈದು, ಹದಿನಾಲ್ಕು... ಬೆರಳು ಮೌಸಿನ ಮೇಲೇ ಉಳಿಯಿತು.

"ಬೇಗ 'ಹೌದು' ಒತ್ತೇ, ವಾಪಸ್ ಹೋಗ್ಬಿಡುತ್ತೆ," ಎಂದಳು ಹಿಂದಿನಿಂದ ಅಕ್ಕ.

ತಂಗಿ ಗಕ್ಕನೆ ತಿರುಗಿದಳು. "ನಿನಗೆ... ಗೊತ್ತಿತ್ತಾ?"

"ಕರಡು ತಿದ್ದೋಳು ಕಣೇ ನಾನು. ಕಣ್ಣೆದುರು ಬರೆದಿದ್ದನ್ನ ಓದದೆ ಬಿಡ್ತೀನಾ? ಮೊದಲ ವಾರದಲ್ಲೇ ಗೊತ್ತಾಯ್ತು."

"ಹಾಗಾದ್ರೆ ಒತ್ತಲಿಲ್ಲ ಯಾಕೆ?"

"ಪುಟ ಪೂರ್ತಿ ಕಾಣದಿದ್ರೆ ಅಂಚು ಓರೆ ಮಾಡ್ಕೊಂಡು ಅಳ್ತಾ ಕೂರ್ತಿದ್ದೆಯಲ್ಲ ನೀನು," ಎಂದು ಅಕ್ಕ ನಕ್ಕಳು. "ನನಗೇನು, ಹದಿನೈದು ಎಣಿಸೋಷ್ಟರಲ್ಲಿ ಎರಡು ಸಾಲು ಓದ್ತಿದ್ದೆ. ಮತ್ತೆ ಬದಲಾಯಿಸ್ತಿದ್ದೆ, ಮತ್ತೆರಡು ಸಾಲು."