ಬಿದ್ದ ಬಿಳಿ ಸೀರೆ

ಕುಣಿಯುತ್ತಿದ್ದ ಆಮ್ರಪಾಲಿಯ ಕೈಯಿಂದ ಬಿಳಿ ಸೀರೆ ಜಾರಿ ನೆಲಕ್ಕೆ ಬಿತ್ತು. ಬಾಗಿಲ ಬಳಿ ಕೂತಿದ್ದ ಅವಳ ತಾಯಿ ರಾಯವ್ವ ಥಟ್ಟನೆ ಎದ್ದು ಅದನ್ನು ಎತ್ತಿಕೊಂಡು ಝಾಡಿಸಿದಳು. ಬುದ್ಧ ಪೂರ್ಣಿಮೆಗೆಂದು ತೆಗೆದಿಟ್ಟ ಸೀರೆ ಅದು. ತಾಷ್ಕೆಂಟಿಗೆ ಹೋಗಿ ಡಾಕ್ಟರಿಕೆ ಕಲಿತು ಬಂದವಳಿಗೆ ಅಷ್ಟೂ ತಿಳಿಯಬಾರದೆ?

"ಯವ್ವಾ, ಯಾಕ ಎತ್ತಿದಿ? ಅದು ಕೈ ತಪ್ಪಿ ಬಿದ್ದಿದ್ದಲ್ಲ, ನಾನಽ ಬೀಳಿಸಿದ್ದು," ಎಂದಳು ಮಗಳು.

ತಾಷ್ಕೆಂಟಿನಲ್ಲಿ ಅವಳಿದ್ದ ಮನೆಯ ಮಾಲಕಿ ಕೊರಿಯಾ ಮೂಲದ ಅಜ್ಜಿ. ಹಿಂದೊಮ್ಮೆ ಸರಕಾರದವರು ಅವರ ಮಂದಿಯನ್ನೆಲ್ಲ ರೈಲಿಗೆ ತುಂಬಿ ಆ ದೂರದ ನಾಡಿಗೆ ತಂದು ಒಗೆದಿದ್ದರಂತೆ. ದಾರಿಯಲ್ಲಿ ಸತ್ತ ಕೂಸುಗಳನ್ನು ಹೆತ್ತವರು ಮಣ್ಣು ಮಾಡಲೂ ಆಗದೆ ಹಳಿಯ ಬಾಜೂ ಬಿಟ್ಟು ಬಂದಿದ್ದರು. ಆ ಕೂಸುಗಳಿಗಾಗಿ ಅಜ್ಜಿ ವರ್ಷಕ್ಕೊಮ್ಮೆ ಹೀಗೆ ಬಿಳಿ ಅರಿವಿ ಹಿಡಿದು ಕುಣಿಯುತ್ತಿದ್ದಳು.

"ಬಿದ್ದ ಅರಿವಿ ಅಂದ್ರ ಸತ್ತವರು, ಯವ್ವಾ. ಅದರ ಮುಂದ ಕುಂತು ಅತ್ತು, ಎರಡೂ ಕೈಲೆ ಎತ್ತಿ ಕಳಿಸಿಕೊಡಬೇಕು. ತಮ್ಮ ಹೋಗಿ ಇವತ್ತಿಗೆ ವರ್ಷ ಆತು. ಶುಭಮ್‌ಗಂತಽ ಮಾಡಾಕತ್ತಿದ್ದೆ. ಇತ್ತ ಕೊಡು."

ರಾಯವ್ವ ಕೊಡಲಿಲ್ಲ. ದಡ್ಡಿ ಊರಿನ ಹತ್ತಿರ ಹೊಳೆಯಿಂದ ಮಗನನ್ನು ತೆಗೆದ ದಿನವೂ ಹೀಗೇ ಬಿಳಿ ಅರಿವಿಯಲ್ಲಿ ಸುತ್ತಿದ್ದರು. ನೋಡಬ್ಯಾಡ ಎಂದು ನಾಲ್ಕು ಹೆಂಗಸರು ಅವಳ ರಟ್ಟೆ ಹಿಡಿದಿದ್ದರು, ಮುಟ್ಟಲೂ ಬಿಟ್ಟಿರಲಿಲ್ಲ. ಇವತ್ತು ಅವಳನ್ನು ಹಿಡಿಯುವವರು ಯಾರೂ ಇರಲಿಲ್ಲ. ಸೀರೆಯನ್ನು ಮೆಲ್ಲಗೆ ಹೆಗಲಿಗೆ ಹಾಕಿಕೊಂಡು, ನಿದ್ದೆಗಣ್ಣಿನ ಕೂಸಿನ ಬೆನ್ನು ತಟ್ಟುವಂತೆ ತಟ್ಟತೊಡಗಿದಳು.

"ಎತ್ತಿಕೊಂಡೀನಲ್ಲ," ಎಂದಳು. "ಕಳಸೂದು ನನ್ನ ಕೈಲೆ ಆಗೂದಿಲ್ಲ."