ದಪ್ಪ ವೈರು

"ಗೋಡಿ ಕಡೆ ಮುಖ ಮಾಡಿ ಕೂಡ್ರಿ ಅತ್ತಿ. ತಿರುಗಿ ನೋಡಬ್ಯಾಡ್ರಿ," ಎಂದಳು ಶೈಲಾ.

"ನೋಡಿ ನನಗೇನು ಆಗಬೇಕಾಗೇದ ಬೇ, ಎರಡೂ ಕರೀ ವೈರೇ," ಎನ್ನುತ್ತ ಸಾವಿತ್ರೆವ್ವ ಚಾಪೆಯ ಮೇಲೆ ಗೋಡೆಗೆ ಎದುರಾಗಿ ಕೂತಳು.

ಅವಳ ಬೆನ್ನ ಹಿಂದೆ ಮಗ ಅನಿಲಕುಮಾರನ ಆಂಪ್ಲಿಫೈಯರು, ಎರಡು ಸ್ಪೀಕರು. ಆಂಪ್ಲಿಫೈಯರಿಗೆ ಕರೆಂಟು ಕೊಡುವ ವೈರು ಎರಡಿದ್ದವು. ಒಂದು ಅದರ ಜೊತೆಗೇ ಬಂದ ತೆಳ್ಳನೆಯದು, ಇನ್ನೊಂದು ಅವನು ಮುಂಬೈಯಿಂದ ತರಿಸಿದ ಹೆಬ್ಬೆರಳ ಗಾತ್ರದ್ದು. ದಪ್ಪದನ್ನು ಹಾಕಿದರೆ ತಂಬೂರಿಯ ಒಂದೊಂದು ತಂತಿ ಬೇರೆ ಬೇರೆ ಕೇಳುತ್ತದೆ ಎನ್ನುತ್ತಿದ್ದ. ಒಂದು ಸಂಜೆ ಅವನ ಗೆಳೆಯರೆದುರು ಹೆಂಡತಿ ಶೈಲಾ, "ಕಂಬದಿಂದ ಮನಿತನಕ ಬರೋದು ಅದೇ ಹಳೇ ತಂತಿ. ಕಡೀಕ ಒಂದು ಮೀಟರ್ ಛಲೋ ವೈರ್ ಹಾಕಿದ್ರ ಹಾಡು ಬದಲಾಗ್ತದೇನ್ರಿ?" ಎಂದಿದ್ದಳು. ಅವಳು ಹುನಗುಂದದ ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುವವಳು. ಎಲ್ಲರೂ ನಕ್ಕರು. ಅವನೂ ನಕ್ಕ. "ಓಣ್ಯಾಗಿನ ಮಗ್ಗದ ಮೋಟರೆಲ್ಲ ಇದೇ ಲೈನಿನ ಮ್ಯಾಲ ಅದಾವ, ಅದಕ್ಕ ನಿನಗ ಕೇಳಸವಲ್ದು. ಅಮಾಸಿಗೆ ಮಗ್ಗ ನಿಲ್ತಾವಲ್ಲ, ಅವತ್ತು ಕೂತು ಕೇಳು," ಎಂದ. ಆಮೇಲೆ ಹಾಡು ಹಚ್ಚಲಿಲ್ಲ. ಅಮಾವಾಸ್ಯೆಗೆ ನಾಲ್ಕು ದಿನ ಇರುವಾಗ ಹುನಗುಂದದ ರಸ್ತೆಯಲ್ಲಿ ಬೈಕಿನಿಂದ ಬಿದ್ದು ತೀರಿಕೊಂಡ.

ಏಳು ಅಮಾವಾಸ್ಯೆ ಶೈಲಾ ಈ ಕೋಣೆಗೆ ಕಾಲಿಡಲಿಲ್ಲ. ಎಂಟನೆಯದಕ್ಕೆ ಕಾಲೇಜಿಗೆ ರಜೆ ಹಾಕಿದಳು. ಇಳಕಲ್ಲಿನ ಓಣಿಯಲ್ಲಿ ಇಂದು ಒಂದು ಮಗ್ಗದ ಸದ್ದೂ ಇರಲಿಲ್ಲ. ಅಂದು ತಾನು ಆಡಿದ ಮಾತು ತಪ್ಪಾಗಬೇಕು, ಅವಳಿಗೆ ಬೇಕಾದದ್ದು ಅಷ್ಟೇ. ಆದರೆ ತಪ್ಪೆಂದು ಸುಮ್ಮನೆ ಒಪ್ಪಿಕೊಳ್ಳಲು ಅವಳು ತಯಾರಿರಲಿಲ್ಲ. ಅವನ ಮಾತು ಪರೀಕ್ಷೆಯಲ್ಲಿ ನಿಲ್ಲಬೇಕು. ತನ್ನ ಕಿವಿಯ ಮೇಲೆ ಅವಳಿಗೆ ನಂಬಿಕೆಯಿರಲಿಲ್ಲ. ಅತ್ತೆಯದು ನಲವತ್ತು ವರ್ಷ ಸೀರೆ ನೇಯ್ದ ಕಿವಿ. ಅಡುಗೆಮನೆಯಲ್ಲಿದ್ದುಕೊಂಡೇ ಮಗ್ಗದಲ್ಲಿ ಎಳೆ ಕಡಿದದ್ದನ್ನು ಹೇಳುವವಳು.

ಮೈದುನ ಪ್ರವೀಣಕುಮಾರ ಬಾಗಿಲಿಗೆ ಒರಗಿ ನಿಂತಿದ್ದ. "ವೈನಿ, ವೈರ್ ನಪಾಸಾದ್ರ ನನಗ ಕೊಡ್ರಿ. ಹೊಲದ ಮೋಟರಿಗೆ ಹಾಕ್ತೇನಿ. ನೀರರ ತಿಳಿ ಬರ್ತಾವೇನೋ ನೋಡೂಣು."

"ನಪಾಸಾದ್ರ ಒಯ್ರಿ," ಎಂದಳು ಶೈಲಾ. ಅವಳು ನಗಲಿಲ್ಲ.

ಮೊದಲು ಎರಡು ವೈರುಗಳನ್ನೂ ಇಂಥದ್ದೆಂದು ಹೇಳಿಯೇ ಕೇಳಿಸಿದಳು. ಆಮೇಲೆ ಪರೀಕ್ಷೆ. ಮಡಿಲಲ್ಲಿ ನಾಣ್ಯ ಚಿಮ್ಮುವುದು. ಸಿಂಹ ಬಿದ್ದರೆ ದಪ್ಪದು, ಅಂಕಿ ಬಿದ್ದರೆ ತೆಳ್ಳನೆಯದು. ಸಿಕ್ಕಿಸುವ ಸದ್ದಿನಿಂದ ಸುಳಿವು ಸಿಗಬಾರದೆಂದು ಪ್ರತಿ ಸಲ ಬೇಡದ್ದನ್ನು ಮೊದಲು ಸಿಕ್ಕಿಸಿ ತೆಗೆದು, ಆಮೇಲೆ ಬೇಕಾದದ್ದನ್ನು ಸಿಕ್ಕಿಸುತ್ತಿದ್ದಳು. ಕೇಳಿಸುವುದು ಒಂದೇ ವಚನ, ಅದರ ಮೊದಲ ಅರ್ಧ ನಿಮಿಷ. ಅತ್ತೆಯ ಉತ್ತರವನ್ನು ನೋಟುಬುಕ್ಕಿನಲ್ಲಿ ಬರೆದುಕೊಳ್ಳುವುದು.

"ದಪ್ಪಂದು," ಎಂದಳು ಸಾವಿತ್ರೆವ್ವ. ಸರಿ. "ತೆಳ್ಳಂದು." ಸರಿ. "ಮತ್ತ ತೆಳ್ಳಂದೇ."

ಐದನೆಯದು ಸರಿಯಾದಾಗ ಪ್ರವೀಣಕುಮಾರ, "ಅವ್ವಾ, ಗೋಡ್ಯಾಗ ಕನ್ನಡಿ ಇಟ್ಟೀಯೇನ?" ಎಂದ. ಎಂಟನೆಯದಕ್ಕೆ ಅವನು ಒಳಗೆ ಬಂದು ಗೋಡೆಯನ್ನೇ ನೋಡಿದ. ಸುಣ್ಣ ಬಿಟ್ಟರೆ ಏನೂ ಇರಲಿಲ್ಲ. ಹತ್ತಕ್ಕೆ ಹತ್ತೂ ಸರಿಯಾದವು.

"ಸುಮ್ನ ಅಂದಾಜಿನ ಮ್ಯಾಲ ಹೇಳಿದ್ರ ಸಾವಿರಕ್ಕ ಒಮ್ಮೆ ಹಿಂಗ ಆಗ್ತದ," ಎಂದಳು ಶೈಲಾ. ಅವಳ ದನಿ ಕ್ಲಾಸಿನಲ್ಲಿದ್ದಂತೆಯೇ ಇತ್ತು. ಕೈ ಮಾತ್ರ ನಾಣ್ಯವನ್ನು ಗಟ್ಟಿಯಾಗಿ ಹಿಡಿದಿತ್ತು.

"ಹಂಗಾದ್ರ ನಮ್ಮಣ್ಣ ಹೇಳಿದ್ದು ಖರೇನ ಐತಿ," ಎಂದು ಪ್ರವೀಣಕುಮಾರ ಮೆಲ್ಲಗೆ ಹೇಳಿ, ಚಪ್ಪಲಿ ಮೆಟ್ಟಿಕೊಂಡು ಹೊಲಕ್ಕೆ ಹೋದ.

ಶೈಲಾ ಹತ್ತರ ಕೆಳಗೆ ಗೆರೆ ಎಳೆದಳು. "ಅತ್ತಿ, ಏನು ಫರಕ್ ಕೇಳಿಸ್ತು? ತಂಬೂರಿನ್ಯಾಗೋ, ದನಿಯಾಗೋ? ಬರಕೋತೇನಿ."

ಸಾವಿತ್ರೆವ್ವ ಗೋಡೆಯಿಂದ ಈ ಕಡೆ ತಿರುಗಿದಳು. ಸೊಸೆಯ ಮುಖ ನೋಡಿದಳು.

"ಹಾಡು ಎಲ್ಲಿ ಕೇಳೀನಿ ಯವ್ವಾ ನಾ. ಎರಡೂ ಒಂದೇ ನನಗ. ಅವನ ವೈರ್ ಹಾಕ್ದಾಗೊಮ್ಮೆ ನೀ ಉಸಿರು ಹಿಡೀತಿದ್ದಿ. ಅದನ್ನ ಕೇಳಿ ಹೇಳ್ದೆ."

ಶೈಲಾ ಬರೆದದ್ದನ್ನೆಲ್ಲ ಹೊಡೆದು ಹಾಕಿದಳು. ಒಂದರಿಂದ ಹತ್ತು, ಒಂದೊಂದಾಗಿ. ಪುಟ ಮಗುಚಿದಳು. ಎದ್ದು ಹೋಗಿ ನಾಣ್ಯವನ್ನು ಅತ್ತೆಯ ಕೈಯಲ್ಲಿಟ್ಟಳು.

"ಹಂಗಾದ್ರ ಇದು ಪರೀಕ್ಷಾ ಅಲ್ಲ. ನೀವು ಈ ಕಡೆ ಬರ್ರಿ. ವೈರ್ ನೀವು ಹಾಕ್ರಿ, ನಾ ಕೇಳ್ತೇನಿ. ಸಿಂಹ ಬಿದ್ರ ದಪ್ಪಂದು."

"ಹೋಗ್ಲಿ ಬಿಡ ಬೇ, ಆತಲ್ಲ."

"ಇಲ್ರಿ. ಆಗಿಲ್ಲ."

ಸಾವಿತ್ರೆವ್ವ ಮಂಡಿಗೆ ಕೈಯೂರಿ ಎದ್ದಳು. ಶೈಲಾ ಚಾಪೆಯ ಮೇಲೆ ಕೂತು, ಸುಣ್ಣದ ಗೋಡೆಗೆ ಮುಖ ಮಾಡಿ ಕಣ್ಣು ಮುಚ್ಚಿಕೊಂಡಳು. ಹಿಂದೆ ವೈರು ಸಿಕ್ಕಿಸಿದ ಸದ್ದಾಯಿತು, ತೆಗೆದ ಸದ್ದಾಯಿತು, ಮತ್ತೆ ಸಿಕ್ಕಿಸಿದ ಸದ್ದು. ಸ್ವಿಚ್ಚು ಹಾಕಿದ್ದೂ ಕೇಳಿಸಿತು. ತಂಬೂರಿ ಇನ್ನೂ ಮಿಡಿದಿರಲಿಲ್ಲ. ಅಷ್ಟರಲ್ಲಿ ಬೆನ್ನ ಹಿಂದೆ ಮುದುಕಿಯ ಉಸಿರು ತಟಕ್ಕನೆ ನಿಂತಿತು.

"ದಪ್ಪಂದು," ಎಂದಳು ಶೈಲಾ.