ಸೊಂಟವಿಲ್ಲದ ಅಂಗಿ

"ಲಂಗದ ಲಾಡಿ ಕಟ್ಟೂದು ಭಾರ ಆತೇನ ನಿನಗ? ಐವತ್ನಾಲ್ಕು ವರ್ಷದ ಹೆಂಗಸು, ಬೀಗತಿ ಮುಂದ ಜೋಳದ ಚೀಲ ಹಾಕ್ಕೊಂಡು ನಿಂದರ್ತೀಯಾ? ನಾಚಿಕಿ ಅನ್ನೂದು ಸುಟ್ಟು ಹೋತೇನ?"

ಸರಸ್ವತೀಬಾಯಿ ಕೋಸಂಬರಿಯ ಪಾತ್ರೆಯನ್ನು ಕಟ್ಟೆಯ ಮೇಲೆ ಕುಕ್ಕಿದರು. ಬೈಸಿಕೊಳ್ಳುತ್ತಿದ್ದ ಸೊಸೆ ಶ್ರೀವಾಣಿ, ಮೈತುಂಬ ಸಡಿಲ ಅಂಗಿ ತೊಟ್ಟು, ಪಾನಕಕ್ಕೆ ಬೆಲ್ಲ ಕರಡುತ್ತಿದ್ದಳು. ಪಡಸಾಲೆಯ ಮಂಟಪದಲ್ಲಿ ಚೈತ್ರಗೌರಿ ದೇವಿ ಸಿಂಗರಿಸಿಕೊಂಡು ಕೂತಿದ್ದಳು. ಇಂಡಿ ಊರಿನಿಂದ ಹೊರಟ, ಬೀಗತಿಯಾಗಲಿರುವ ಮಂದಾಕಿನಿಬಾಯಿ ಬಾಗೇವಾಡಿ ಸ್ಟ್ಯಾಂಡಿನಲ್ಲಿ ಇಳಿದೆ ಎಂದು ಫೋನ್ ಮಾಡಿಯಾಗಿತ್ತು. ಅವರ ಮಗ ಸಂಕರ್ಷಣನಿಗೆ ಶ್ರೀವಾಣಿಯ ಮಗಳು ಸಂಪದಾಳನ್ನು ಕೊಡುವ ಮಾತು ಮುಕ್ಕಾಲು ಮುಗಿದಿತ್ತು. ಉಳಿದ ಕಾಲು ಇವತ್ತು ಅರಿಶಿನ-ಕುಂಕುಮದ ಹೊತ್ತಿಗೆ ಮುಗಿಯಬೇಕು.

"ಅಜ್ಜಿ, ಈ ವಸಂತದ ಫ್ಯಾಶನ್ನೇ ಇದು," ಎಂದು ಸಂಪದಾ ತಾಯಿಯ ಪರ ನಿಂತಳು. "ಐವತ್ತು ದಾಟಿದವರಿಗಂತನ ಮಾಡ್ಯಾರ. ಪಿಸ್ತಾ ಬಣ್ಣ, ಸಡಿಲ ಹೊಲಿಗಿ, ಎರಡೂ ಕಡೆ ಕಿಸೆ. ಜನ್ಮದಾಗ ಒಮ್ಮೆ ಅಮ್ಮ ತನಗ ಬೇಕಂತ ಬಾಯಿ ಬಿಟ್ಟು ಕೇಳ್ಯಾಳ!"

"ಕಿಸೆ ಯಾಕ ಬೇಕವಾ ಅಕಿಗೆ? ಬಸ್ಸಿನ ಕಂಡಕ್ಟರೇನ?"

ಶ್ರೀವಾಣಿ ಕೇಳಿದ್ದು ನಿಜ. ಆದರೆ ಫ್ಯಾಶನ್ ಮನೆ ಹಾಳಾಗಲಿ, ಅವಳಿಗೆ ಬೇಕಿದ್ದುದು ಸೊಂಟವೇ ಇಲ್ಲದ ಬಟ್ಟೆ. ಸೀರೆ ಉಡಲು ಕಲಿತಂದಿನಿಂದ ಲಾಡಿಯನ್ನು ಒಂದೇ ಗೆರೆಯ ಮೇಲೆ ಬಿಗಿದು ಬಿಗಿದು ಬಲಗಡೆಯ ಚರ್ಮ ಕಪ್ಪಾಗಿ, ಕಡೆಗೆ ಒಡೆದು ಹುಣ್ಣಾಗಿತ್ತು. ಅರಿಶಿನ ಹಚ್ಚಿದಳು, ಕೊಬ್ಬರಿ ಎಣ್ಣೆ ಹಚ್ಚಿದಳು. ಸೀರೆ ಜಾರೀತೆಂಬ ಹೆದರಿಕೆಗೆ ಲಾಡಿಯನ್ನು ಮಾತ್ರ ಸಡಿಲಿಸಲಿಲ್ಲ. ಕಳೆದ ವಾರ ಕದ್ದು ವಿಜಯಪುರಕ್ಕೆ ಹೋದಾಗ ಡಾಕ್ಟರು ಬಾಯಿಗೆ ಬಂದಂತೆ ಬೈದು, ಒಂದು ತುಣುಕು ಕತ್ತರಿಸಿ ಪರೀಕ್ಷೆಗೆ ಕಳಿಸಿದರು. "ಕ್ಯಾನ್ಸರ್ ಇರಬಹುದು, ಇಲ್ಲದೆಯೂ ಇರಬಹುದು. ಸೋಮವಾರ ಬರ್ರಿ. ಅಲ್ಲೀತನಕ ಸೊಂಟಕ್ಕ ಒಂದು ದಾರ ಸುದ್ದಾ ತಾಕಬಾರದು."

ಮನೆಯಲ್ಲಿ ಅವಳು ಯಾರಿಗೂ ಹೇಳಲಿಲ್ಲ. ಈ ವಯಸ್ಸಿನಲ್ಲಿ ಫ್ಯಾಶನ್ನಿನ ಹುಚ್ಚು ಹಿಡಿದಿದೆ ಅಂದರೆ ಊರು ನಾಲ್ಕು ದಿನ ನಗುತ್ತದೆ, ನಗಲಿ. ತಾಯಿಗೆ ಅಂಥ ರೋಗ ಅಂದರೆ ಮಗಳ ಮದುವೆ ಮುರಿಯುತ್ತದೆ.

ಮಂದಾಕಿನಿಬಾಯಿ ಬಿಸಿಲಿಗೆಂದು ತಲೆಗೆ ಓಢಣಿ ಸುತ್ತಿಕೊಂಡೇ ಒಳಗೆ ಬಂದರು. ಶ್ರೀವಾಣಿಯನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. ಬೀಗತಿ ಮುಂದೆ ಬಂದು ಬಟ್ಟೆಯನ್ನು ಬೆರಳಲ್ಲಿ ತಿಕ್ಕಿದರು.

"ಅಯ್ಯ, ಎಲ್ಲೆ ಸಿಕ್ತರಿ ಇದು? ನನಗೂ ಹಾಕ್ಕೋಬೇಕಂತ ಭಾಳ ಆಸೆ, ನಮ್ಮನಿಯವರಿಗೆ ಅಂಜಿ ಕೂತೀನಿ!" ಎಂದು ನಕ್ಕರು. ಸಂಪದಾ ಅಜ್ಜಿಯ ಕಡೆ ನೋಡಿ ಹುಬ್ಬು ಹಾರಿಸಿದಳು.

ಪಾನಕ ಕುಡಿಯುತ್ತ ಮಂದಾಕಿನಿಬಾಯಿ ಹೇಳಿದರು. "ನಮಗ ಉಡೂದು ತೊಡೂದು ಏನೂ ಅಡ್ಡಿಯಿಲ್ರಿ. ಮನಿತನ ನಿರೋಗಿ ಇರಬೇಕು, ಅಷ್ಟ. ನಮ್ಮಕ್ಕನ ಸೊಸಿ ಬಂದು ವರ್ಷ ತುಂಬೂದರಾಗ ದವಾಖಾನಿ ಸೇರಿದ್ಲು, ತುಣುಕು ತಗದು ನೋಡಿದ್ರ ಕ್ಯಾನ್ಸರ್. ಅಕಿ ತಾಯಿಗೂ ಅದೇ ಇತ್ತಂತ. ಮುಚ್ಚಿಟ್ಟು ಮದುವಿ ಮಾಡಿದ್ರು, ಪಾಪಿಗಳು."

ಶ್ರೀವಾಣಿ ಲೋಟ ಕೆಳಗಿಟ್ಟಳು. ಅಂಗಿಯ ಒಳಗೆ ಬೆವರು ಗಾಯಕ್ಕಿಳಿದು ಉರಿಯುತ್ತಿತ್ತು. ಇನ್ನೊಂದು ಅರ್ಧ ತಾಸು ಕಳೆದರೆ ಸಾಕು, ಗೌರಿ, ಇನ್ನೊಂದು ಅರ್ಧ ತಾಸು.

ಸರಸ್ವತೀಬಾಯಿ ನೆನೆದ ಕಡಲೆಯನ್ನು ಬೊಗಸೆ ತುಂಬ ಎತ್ತಿಕೊಂಡು ಸೊಸೆಯ ಮುಂದೆ ನಿಂತರು. "ಸೆರಗಿಲ್ಲದಕಿಗೆ ಉಡಿ ಎಲ್ಲೆ ತುಂಬಲಿ? ಕಿಸೆದಾಗ ಹಾಕಲೇನ?"

"ಇವತ್ತ ಬ್ಯಾಡ ಬಿಡ್ರಿ, ಅತ್ಯಾ."

"ಛೇ, ಮುತ್ತೈದಿ ಉಡಿ ಬ್ಯಾಡ ಅಂತಾರೇನ್ರಿ?" ಮಂದಾಕಿನಿಬಾಯಿ ಎದ್ದೇಬಿಟ್ಟರು. ತಲೆಯ ಓಢಣಿ ಬಿಚ್ಚಿ ಶ್ರೀವಾಣಿಯ ಸೊಂಟಕ್ಕೆ ಸುತ್ತಿದರು. ಶ್ರೀವಾಣಿ ಹಿಂದೆ ಸರಿದಳು, ಹಿಂದೆ ಗೋಡೆಯಿತ್ತು. ಒಡಹುಟ್ಟಿದವಳಿಗೆ ಕಟ್ಟುವ ಅಕ್ಕರೆಯಿಂದ, ಜಾರದಿರಲೆಂದು ಜಗ್ಗಿ ಬಿಗಿದು, ಬಲಗಡೆ ಗಂಟು ಹಾಕಿದರು. "ಹಾಂ! ಈಗ ಬಂತು ನೋಡ್ರಿ ಸೆರಗು. ಹಿಡೀರಿ, ಉಡಿ ಒಡ್ಡರಿ."

ಶ್ರೀವಾಣಿ ಕೂಗನ್ನು ಹಲ್ಲಿನಲ್ಲಿ ಕಚ್ಚಿ ಹಿಡಿದು ಉಡಿ ಒಡ್ಡಿದಳು. ಕೂಗು ಹೊರಬರಲಿಲ್ಲ, ಬಣ್ಣ ಬಂತು. ಕರಿ ಇಳಕಲ್ ಸೀರೆಯಲ್ಲಾಗಿದ್ದರೆ ಯಾರಿಗೂ ಕಾಣುತ್ತಿರಲಿಲ್ಲ. ಪಿಸ್ತಾ ಬಣ್ಣದ ಮೇಲೆ, ಗಂಟಿನ ಕೆಳಗೆ, ಕೆಂಪು ಮೆಲ್ಲಗೆ ಅಗಲವಾಗುತ್ತ ಹೋಯಿತು.

"ಕುಂಕುಮ ಚೆಲ್ತೇನ?" ಎಂದು ಸರಸ್ವತೀಬಾಯಿ ಬಗ್ಗಿ ನೋಡಿದರು.

ಮಂದಾಕಿನಿಬಾಯಿ ತಮ್ಮ ಬೆರಳುಗಳನ್ನು ನೋಡಿಕೊಂಡರು. ನಗು ಇನ್ನೂ ಮುಖದ ಮೇಲೆ ಉಳಿದಿತ್ತು, ದನಿಯಲ್ಲಿ ಇರಲಿಲ್ಲ. "ಲಾಡಿ ಹುಣ್ಣೇನ್ರಿ?"

ಶ್ರೀವಾಣಿ ಹೌದೆಂದು ತಲೆಯಾಡಿಸಿದಳು.

"ತುಣುಕು ತಗದಾರೇನು?"

ಇಲ್ಲ ಅಂದರೆ ಮುಗಿಯುತ್ತಿತ್ತು. ವಾರವಿಡೀ ಅದೊಂದು ಮಾತನ್ನೇ ಬಾಯಿಪಾಠ ಮಾಡಿಕೊಂಡಿದ್ದಳು. ಆದರೆ ಎದುರಿಗೆ ಸಂಪದಾ ಕಣ್ಣು ಇಷ್ಟಗಲ ಮಾಡಿಕೊಂಡು ನಿಂತಿದ್ದಳು. ಅವಳ ಮುಖ ನೋಡುತ್ತ ಶ್ರೀವಾಣಿಗೆ ಮಾತು ತಡವಾಯಿತು. ಅಷ್ಟು ತಡ ಸಾಕಾಯಿತು.

ಮಂದಾಕಿನಿಬಾಯಿ ಬಚ್ಚಲಿಗೆ ಹೋಗಿ ಕೈ ತಿಕ್ಕಿ ತಿಕ್ಕಿ ತೊಳೆದರು. "ನಾಲ್ಕರ ಬಸ್ಸು ತಪ್ಪಿದ್ರ ಕಷ್ಟ ಆಗ್ತದ," ಎಂದು ಗೌರಿಗೋ ಗೋಡೆಗೋ ಹೇಳಿ, ಕುಂಕುಮವನ್ನೂ ಹಚ್ಚಿಸಿಕೊಳ್ಳದೆ ಚಪ್ಪಲಿ ಮೆಟ್ಟಿದರು. ಉರಿಬಿಸಿಲಲ್ಲಿ ಸೀರೆಯ ಸೆರಗನ್ನೇ ತಲೆಯ ಮೇಲೆ ಎಳೆದುಕೊಂಡು ಓಣಿಯ ತಿರುವು ದಾಟಿದರು. ಒಮ್ಮೆಯೂ ತಿರುಗಿ ನೋಡಲಿಲ್ಲ.

ಸರಸ್ವತೀಬಾಯಿಗೆ ಏನೂ ತಿಳಿಯಲಿಲ್ಲ, ಅಥವಾ ತಿಳಿಯುವುದು ಬೇಕಿರಲಿಲ್ಲ. ಬೊಗಸೆಯ ಕಡಲೆ ಬೆರಳ ಸಂದಿಯಿಂದ ಉದುರುತ್ತಿತ್ತು.

"ಸಂಪದಾ, ಓಡು! ಓಢಣಿ ಇಲ್ಲೇ ಮರತು ಹೋದ್ರು ನೋಡು. ಬಿಚ್ಚಿ ಕೊಟ್ಟು ಬಾ, ಹಂಗ ಕರಕೊಂಡು ಬಾ."

ಸಂಪದಾ ತಾಯಿಯ ಮಗ್ಗುಲು ಬಿಟ್ಟು ಕದಲಲಿಲ್ಲ.

"ಮರತಿಲ್ಲ, ಅಜ್ಜಿ."